ಹಳೆಯ ತೂಕದ ಪಟ್ಟಿ

ಮಾರ್ಚ್ ೧೪, ಗುರುವಾರ

ಕೋಪ ಇನ್ನೂ ಇಳಿದಿಲ್ಲ. ಟೊಂಗಾ ದ್ವೀಪದ ನಮ್ಮ ಆಸ್ಪತ್ರೆಯ ಗೋಡೆಯ ಮೇಲಿದ್ದ ತೂಕದ ಪಟ್ಟಿಯನ್ನು ಡಬ್ಬಿಹಾಲು ಕುಡಿದ ಮಕ್ಕಳ ತೂಕ ನೋಡಿ ಮಾಡಿದ್ದಂತೆ. ಅವು ಬೇಗ ದುಂಡಗಾಗುತ್ತವೆ. ಅದನ್ನೇ ನಂಬಿ ಕಳೆದ ತಿಂಗಳು ಬಾಣಂತಿ ಸಿಲಿಯಾಗೆ, ನಿನ್ನ ಹಾಲು ಸಾಲದು, ಡಬ್ಬಿಹಾಲು ಕೊಡು ಎಂದಿದ್ದೆ. ಇಂದು ಬಂದ ಹೊಸ ಪಟ್ಟಿಯ ಪ್ರಕಾರ ಅವಳ ಮಗುವಿನ ಆಗಿನ ತೂಕ ಸರಿಯಾಗಿಯೇ ಇತ್ತು.

ಮಧ್ಯಾಹ್ನ ಮಗುವಿನ ಸೋದರತ್ತೆ ಲೋಸೆ ಅದನ್ನು ತಕ್ಕಡಿಯಲ್ಲಿ ಮಲಗಿಸಿ ನಕ್ಕಳು. "ನೋಡಿ ಸಿಸ್ಟರ್, ಡಬ್ಬಿಹಾಲು ಕುಡಿದು ಹಂದಿಮರಿ ಥರ ಆಗಿದಾನೆ! ಇವಳ ಎದೇಲಿ ಬರೀ ನೀರಿತ್ತು."

"ಈಗ ನೀರೂ ಬರಲ್ಲ," ಎಂದಳು ಸಿಲಿಯಾ.

ಹೊಸ ಪಟ್ಟಿ ನನ್ನ ಕೈಯಲ್ಲೇ ಇತ್ತು. ಈ ದ್ವೀಪದಲ್ಲಿ ಮನೆಗೆಲ್ಲ ದೊಡ್ಡವಳಾದ ಸೋದರತ್ತೆಗೆ ಯಾರೂ ಎದುರಾಡುವುದಿಲ್ಲ ಎಂದು ಸುಮ್ಮನಿದ್ದೆನೇ? ಇಲ್ಲ, ನನ್ನ ಮರ್ಯಾದೆಗಾಗಿ. ನಾಳೆ ಅವರ ಮನೆಗೆ ಹೋಗಿ, ಲೋಸೆಯ ಎದುರಿಗೇ, ನಿನ್ನ ಹಾಲು ಸಾಕಾಗಿತ್ತು ಸಿಲಿಯಾ, ತಪ್ಪು ನನ್ನದು ಎಂದು ಹೇಳುತ್ತೇನೆ.