ರೆಕ್ಕೆಯ ತುದಿಗೆ ನಡೆಯುವವರು

ರೆಡ್ ರಾಕ್, ಅರಿಝೋನ
ಮಾರ್ಚ್ ಒಂಬತ್ತು

ಪ್ರೀತಿಯ ಅಪ್ಪಾ,

ಕಾಲಿನ ಬಾವು ಇಳಿಯಿತೇ? ತಮ್ಮ ಎಲಿಯಾಸನ ಹೆಂಡತಿ ಮಾಡುವ ಸೂಪಿಗೆ ಖಾರವಿಲ್ಲವೆಂದು ಅವಳೆದುರೇ ಮುಖ ಹುಳಿ ಮಾಡಬೇಡ. ಹಿಮದ ಊರಿನವಳು, ಮೆಣಸಿನಕಾಯಿಯನ್ನು ಅಲಂಕಾರಕ್ಕೆ ಇಡುವವಳು. ಮೊಮ್ಮಗಳ ದೀಕ್ಷಾಸ್ನಾನಕ್ಕೆಂದು ಎರಡು ದಿನ ಬಸ್ಸಿನಲ್ಲಿ ಮುದುಡಿ ಕೂತು ಮಿನೆಸೋಟಕ್ಕೆ ಹೋದೆ, ಕಾಲು ಕಂಬವಾಯಿತು. ಈಗ ಡಾಕ್ಟರು ಬಸ್ಸು ಬೇಡ, ವಿಮಾನಕ್ಕೆ ಅಡ್ಡಿಯಿಲ್ಲ ಅನ್ನುತ್ತಾರೆ. ನೀನು ವಿಮಾನ ಬೇಡ, ಬಸ್ಸು ಹತ್ತುವಂತಾಗುವ ತನಕ ಇಲ್ಲೇ ಇರ್ತೀನಿ ಅನ್ನುತ್ತೀಯ. ಜೀವಮಾನವೆಲ್ಲ ವಿಮಾನಗಳ ಜೊತೆ ಬಾಳಿದವನ ಮಾತು ಇದು! ಕೆಲಸದ ನಡುವೆ ಇದನ್ನು ಕೇಳಿದ್ದೇ ರುಫಿನೊ, "ನಿಮ್ಮಪ್ಪ ನೆಲದ ಮೇಲೆ ಹುಲಿ, ಮುಗಿಲು ಕಂಡ್ರೆ ಇಲಿ ಕಣೇ" ಅಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಇಲ್ಲಿ ಎಲ್ಲ ಹಾಗೇ ಇದೆ. ಸದ್ಯಕ್ಕೆ ಯಾರಿಗೂ ಬೇಡವಾದ ವಿಮಾನಗಳು ಮರುಭೂಮಿಯಲ್ಲಿ ಸಾಲಾಗಿ ಮಲಗಿವೆ, ಕಿಟಕಿಗಳಿಗೆ ಬೆಳ್ಳಿ ಹಾಳೆ ಅಂಟಿಸಿಕೊಂಡು, ಕಣ್ಣು ಮುಚ್ಚಿಕೊಂಡು. ಒಂದೇ ಕಡೆ ನಿಂತರೆ ಟೈರು ಚಪ್ಪಟೆಯಾಗುತ್ತದಲ್ಲ, ಅದಕ್ಕೆ ಒಂದೊಂದನ್ನೂ ಆಗಾಗ ಚೂರು ಎಳೆದು ಗಾಲಿಗಳ ಮಗ್ಗುಲು ಬದಲಿಸುತ್ತೇನೆ. ಬೆಳಗಿನ ಹೊತ್ತು, ಎಲ್ಲೋ ಬೆಳವ ಕೂಗುತ್ತಿರುತ್ತದೆ. ನನ್ನ ಟ್ರ್ಯಾಕ್ಟರಿನ ಹಿಂದೆ ಅಷ್ಟು ದೊಡ್ಡ ಜೀವ ಸದ್ದಿಲ್ಲದೆ ಬರುತ್ತದೆ. ಮೊದಲು ನೆರಳು ಹೊರಳುತ್ತದೆ, ಆಮೇಲೆ ಅದು. ನಾನು ಅದನ್ನು ಎಳೆಯುತ್ತಿದ್ದೇನೋ, ಅದು ಕಾಣುತ್ತಿರುವ ಕನಸಿನೊಳಗೆ ನಾನು ಹೋಗುತ್ತಿದ್ದೇನೋ, ಒಂದೊಂದು ದಿನ ತಿಳಿಯುವುದೇ ಇಲ್ಲ. ನಿನ್ನ ಮೊಣಕಾಲು ಸವೆಯುವ ಮುಂಚೆ ನೀನು ನೆಲದ ಮೇಲೆ ರೆಕ್ಕೆಯ ತುದಿಗೆ ನಡೆಯುತ್ತಿದ್ದೆ, ಅದು ಎಲ್ಲೂ ತಗಲದಂತೆ ನೋಡಿಕೊಳ್ಳುತ್ತ, ಕೈಯಲ್ಲಿ ಕಿತ್ತಳೆ ಬಣ್ಣದ ಕೋಲು. ನಿನ್ನ ನಡಿಗೆಯೇ ನಮ್ಮ ವೇಗದ ಮಿತಿ. ನಾನು ಹೊಸಬಳಾಗಿದ್ದಾಗ ಗದರಿದ್ದೆ: "ಟ್ರ್ಯಾಕ್ಟರಿಂದ ನಿಂಗೆ ರೆಕ್ಕೆ ತುದಿ ಕಾಣಲ್ಲ ಮಗಳೇ, ಕಾಣೋದು ನಾನು. ನಾನು ಕಾಣ್ಲಿಲ್ವೋ, ನಿಲ್ಸು. ಪೋಪ್ ಬಂದು ಹೋಗು ಅಂದ್ರೂ ಹೋಗ್ಬೇಡ." ಈಗ ನಿನ್ನ ಜಾಗದಲ್ಲಿ ರುಫಿನೊ ನಡೆಯುತ್ತಾನೆ. ನಡಿಗೆ ಸ್ವಲ್ಪ ಬಾತುಕೋಳಿಯದು, ಆದರೆ ಕಣ್ಣಿಂದ ಮರೆಯಾಗುವುದಿಲ್ಲ.

ಸುದ್ದಿ ಏನೆಂದರೆ, ನಿನ್ನ ನೀಲಿ ಬಾಲದ ಮುದುಕಿ ಎದ್ದಳು! ಹಾಳೆ ಕಿತ್ತು, ಎಂಜಿನ್ನುಗಳ ಮುಸುಕು ತೆಗೆದು, ಗಾಲಿಗೂಡಿನಲ್ಲಿದ್ದ ಖಾಲಿ ಹಕ್ಕಿಗೂಡನ್ನೂ ಇಳಿಸಿದೆವು. ಒಯ್ಯಲು ಬಂದ ಕ್ಯಾಪ್ಟನ್ ಚಿಕ್ಕ ವಯಸ್ಸಿನ ಹೆಣ್ಣು. ಮೊಣಕಾಲು ಸವೆದ ಮೇಲೆ, ನಾನು ಎಳೆಯುವಾಗ ನೀನು ಬ್ರೇಕಿನ ಮೇಲೆ ಕಾಲಿಟ್ಟು ಕೂರುತ್ತಿದ್ದ ಎಡಗಡೆ ಸೀಟಿನಲ್ಲಿ ನಿನ್ನ ಹೂವಿನ ದಿಂಬು ಕಂಡು, "ಇದು ಯಾವ ಮಹಾರಾಜರದು?" ಅಂದಳು. ರುಫಿನೊ ಸುಮ್ಮನಿರುವವನೇ? "ನಮ್ಮ ಆನ್ಸೆಲ್ಮೊ ಯಜಮಾನ್ರದು. ಎಷ್ಟೋ ವರ್ಷ ಇಲ್ಲೇ ರಾಜ್ಯಭಾರ. ಒಂದಡಿ ಮೇಲೇಳ್ಲಿಲ್ಲ, ಒಂದು ಗೀರೂ ಬೀಳ್ಲಿಲ್ಲ" ಅಂದ. ಅವಳು ನಗಲಿಲ್ಲ. "ನಾನು ಅಷ್ಟು ಹೇಳ್ಕೊಳ್ಳೋ ಹಾಗಿಲ್ಲಪ್ಪ" ಅಂದು ದಿಂಬನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಎಳೆಯುವ ದಂಡ ಬಿಚ್ಚಿದೆವು. ರುಫಿನೊ ಎಳೆಯುವಾಗ ಮುಂಗಾಲಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ತೆಗೆದಾಯಿತೆಂದು ಅದರ ಕೆಂಪು ರಿಬ್ಬನ್ ಎತ್ತಿ ತೋರಿಸಿದ; ಅವಳು ಮೇಲಿಂದ ಕೈ ಬೀಸಿದಳು. ಇಷ್ಟು ಕಾಲ ನನ್ನ ಹಿಂದೆ ಬಂದವಳು ನನ್ನ ಮುಂದೆ ಹೊರಟುಹೋದಳು. ಅವಳೆಷ್ಟು ಭಾರವೆಂದು ನನ್ನ ಟ್ರ್ಯಾಕ್ಟರಿಗೆ ಗೊತ್ತಪ್ಪಾ. ಆ ಭಾರವೆಲ್ಲ ಎಲ್ಲಿ ಹೋಯಿತೋ, ಗುಡ್ಡದ ಮೇಲೆ ಒಂದು ನೀಲಿ ಚುಕ್ಕೆ ಉಳಿಯಿತು, ಆಮೇಲೆ ಅದೂ ಅಳಿಯಿತು.

ನಿನ್ನ ಹೆದರಿಕೆ ನನಗೆ ಗೊತ್ತು: ಹಿಂದಿನ ಸೀಟಿನಲ್ಲಿ ಕಾಲ ಕೆಳಗೆ ಬ್ರೇಕು ಇರುವುದಿಲ್ಲ. ಆದರೂ ವಿಮಾನ ಹತ್ತು, ಕಿಟಕಿಯ ಪಕ್ಕ ಕೂರು. ಹೊರಡುವ ಮುಂಚೆ ಕೆಳಗೆ ನಮ್ಮಂಥವರೊಬ್ಬರು ಕೆಂಪು ರಿಬ್ಬನ್ ಎತ್ತುತ್ತಾರೆ. ಅದು ಪೈಲಟ್‌ಗೆ ತೋರಿಸುವುದು, ಆದರೂ ನೀನೂ ಕೈ ಬೀಸು. ಆಮೇಲೆ ಕಾಲು ಸಡಿಲ ಬಿಡು. ಅಲ್ಲಿಂದಾಚೆಗೆ ಬ್ರೇಕು ಇನ್ನೊಬ್ಬರ ಪಾಲಿನದು.

ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ಎಲಿಯಾಸನಿಗೆ ಒಂದು ಗುದ್ದು. ಗ್ವಾದಲೂಪೆಯ ಮಾತೆ ನಿನ್ನ ಕಾಲು ಕಾಯಲಿ.

ನಿನ್ನ ಮಗಳು,
ಡೆಲ್ಫಿನಾ

ಮರೆತ ಮಾತು: ಅಂಚೆಯ ವ್ಯಾನು ಬಂದೇಬಿಟ್ಟಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈಸ್ಟರ್ ಆದ ಮರು ಶನಿವಾರ ನಾನೂ ರುಫಿನೊನೂ ಮದುವೆಯಾಗುತ್ತೇವೆ. ಈ ವಯಸ್ಸಿಗೆ ನಾಚಿಕೆಯಾಗಲ್ವೇ ಅಂತ ಬೈಯುವುದಿದ್ದರೆ ಇಲ್ಲಿಗೆ ಬಂದು ಬೈ. ಸೋದರತ್ತೆ ಹೊಲಿಯುತ್ತಿರುವ ಬಿಳಿ ಗೌನಿನ ಅಂಚು ಎಲ್ಲಿ ಮುಗಿಯುತ್ತದೋ ನನಗೇ ಕಾಣುವುದಿಲ್ಲ, ಚರ್ಚಿನ ಬಾಗಿಲೋ ಕಿರಿದು. ಪಕ್ಕದಲ್ಲಿ ನೀನು ಕಾಣದಿದ್ದರೆ ನಾನು ಬಾಗಿಲಲ್ಲೇ ನಿಲ್ಲುತ್ತೇನೆ. ಪೋಪ್ ಬಂದು ಹೋಗು ಅಂದರೂ.