ಹೊಸ ಊರಿನ ಬಯಲು

ಮೈಸೂರು, ೧೩–೩–೧೯೬೧

ಚಿ. ಸೌ. ನೀಲಾಂಬಿಕೆಗೆ ಮಾವನು ಮನಸಾರೆ ಮಾಡುವ ಆಶೀರ್ವಾದ.

ಅಣೆಕಟ್ಟಿನ ನೀರಿನಲ್ಲಿ ಮುಳುಗಲಿರುವ ನಮ್ಮ ಊರಿಗೆ ಬದಲಾಗಿ ಇಲವಾಲದಾಚೆ ಕಟ್ಟುವ ಹೊಸ ಊರಿನ ಮಾದರಿಯನ್ನು ಇಂದು ಇಲ್ಲಿನ ಪುನರ್ವಸತಿ ಕಚೇರಿಯ ಮೇಜಿನ ಮೇಲೆ ಕಂಡೆನು. ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಮನೆಗಳು ವಿಶಾಲವಾದ ಬಯಲೊಂದರ ಸುತ್ತ ಗುಂಪಾಗಿ ನಿಂತಿವೆ. ಅವುಗಳ ಬೆಲೆ ಬಡವರಿಗೂ ಎಟುಕುವಂಥದು. ಹೊಲಗಳಿಗೆ ನಡೆದೇ ಹೋಗಬಹುದು. ಬಾವಿ ಬಯಲಿನ ನಟ್ಟನಡುವೆ ಇದೆ.

"ನಮ್ಮ ಮನೆಯಾಕೆಗೆ ಕಣ್ಣಿಲ್ಲ. ಬೀದಿಯ ಗೋಡೆಗಳನ್ನು ಸವರಿಕೊಂಡೇ ಒಬ್ಬಳೇ ನೀರಿಗೆ ಹೋಗಿಬರುತ್ತಾಳೆ. ಈ ಬಯಲಿನಲ್ಲಿ ಆಕೆ ಏನನ್ನು ಸವರಿಕೊಂಡು ಹೋಗಬೇಕು?" ಎಂದು ಮೇಲ್ವಿಚಾರಕರನ್ನು ಕೇಳಿದೆನು.

"ಯಾರಾದ್ರೂ ಕೈ ಹಿಡ್ಕೊಂಡು ಕರ್ಕೊಂಡೋಯ್ತಾರೆ ಬುಡಿ ಯಜಮಾನ್ರೇ! ಇಷ್ಟು ವರ್ಸ ನೀರು ಹೊತ್ತಿದ್ದು ಸಾಲ್ದಾ ಅಮ್ಮೋರು?" ಎಂದು ಅವರು ನಕ್ಕರು. ಜೊತೆಗೆ ಬಂದಿದ್ದ ನಮ್ಮ ಊರಿನವರೂ ನಕ್ಕರು. ಸ್ವಂತ ಮನೆ ದೊರೆಯಿತೆಂಬ ಸಂತೋಷದಲ್ಲಿ ಎಲ್ಲರೂ ಒಪ್ಪಿಗೆಯಿತ್ತರು. ನಾನೂ ಸಹಿ ಮಾಡಿದೆನು.

ನನ್ನ ಕೆಮ್ಮು ಇಳಿದಿದೆ. ಗುರುವಾರ ಹೊರಡುವೆನು.

ಊರು ಬಿಡುವ ತನಕ ನಿನ್ನ ಅತ್ತೆಯೇ ಬಾವಿಗೆ ಹೋಗಲಿ. "ಕೊಡಿ ಅತ್ತೆ, ನಾನು ತರುತ್ತೇನೆ" ಎಂದು ಆಕೆಯ ಕೈಯಿಂದ ಕೊಡವನ್ನು ತೆಗೆದುಕೊಳ್ಳಬೇಡ.

ನಿನ್ನ ಮಾವ,
ಗುರುಶಾಂತಪ್ಪ