ಗಾಜಿನ ಪೆಟ್ಟಿಗೆಯಲ್ಲಿ ಅಪ್ಪನ ಕನ್ನಡಕ

ತಮ್ಮನಿಗೆ,

ನಿನ್ನ ಕಲಾಪ್ರದರ್ಶನಕ್ಕೆ ಹೋಗಿದ್ದೆ. ವರ್ಷಗಳಿಂದ ಕೂಡಿಟ್ಟ ಹಳೇ ಸಾಮಾನನ್ನೆಲ್ಲ ಗಾಜಿನ ಪೆಟ್ಟಿಗೆಗಳಲ್ಲಿ ಚೆನ್ನಾಗಿಯೇ ಜೋಡಿಸಿದ್ದೀಯ. ಜನ ಹೊಗಳುತ್ತಿದ್ದರು. ನಾನು ಮಾತ್ರ ಕನ್ನಡಕಗಳ ಪೆಟ್ಟಿಗೆಯ ಮುಂದೆ ನಿಂತುಬಿಟ್ಟೆ. ಒಂದರ ಮುರಿದ ಕಡ್ಡಿಗೆ ನೀಲಿ ದಾರ ಸುತ್ತಿತ್ತು. ಅದನ್ನು ಸುತ್ತಿದವಳು ನಾನೇ.

ನೀನು ಬಂದು ಹೋದ ಮರುದಿನ ಆ ಕನ್ನಡಕಕ್ಕಾಗಿ ಅಪ್ಪ ಮನೆಯೆಲ್ಲ ಜಾಲಾಡಿದ್ದರು. "ಇಲ್ಲೇ ಇಟ್ಟಿದ್ದೆ ಕಣೇ" ಅಂತ ಮೇಜು ತಟ್ಟಿ ಹೇಳಿದರೂ ನಾನು ನಂಬಲಿಲ್ಲ. ನೀನು ಮತ್ತೆ ಬಂದು ಹೋದ ಮೇಲೆ ಶೇವಿಂಗ್ ಬ್ರಷ್ ಕಾಣೆಯಾಯಿತು. "ಅಕ್ಕಾ, ಅಪ್ಪಂಗೆ ಮರೆವು ಶುರುವಾಗಿದೆ, ಡಾಕ್ಟರಿಗೆ ತೋರಿಸು" ಅಂತ ಫೋನಿನಲ್ಲಿ ಅಂದವನು ನೀನೇ. ಆಗ ಆ ಬ್ರಷ್ ನಿನ್ನ ಚೀಲದಲ್ಲೇ ಇತ್ತೇನೋ!

ತೋರಿಸಿದೆ. ಈಗ ಮಾತ್ರೆ ನುಂಗಿ ಹಗಲೆಲ್ಲ ತೂಕಡಿಸುತ್ತಾರೆ. ಏನು ಕೇಳಿದರೂ "ನಂಗೆಲ್ಲಿ ನೆನಪಿರತ್ತೆ, ಬಿಡು" ಅನ್ನುತ್ತಾರೆ.

ಜಗಳಕ್ಕೆ ಬರೆಯುತ್ತಿಲ್ಲ. ಸೋಮವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಅಷ್ಟರೊಳಗೆ ಈ ಮನೆಯಿಂದ ಏನೇನು ಒಯ್ದಿದ್ದೀಯ ಅಂತ ಒಂದೂ ಬಿಡದೆ ತಿಳಿಸು. ಅಪ್ಪ ನಿಜವಾಗಿ ಮರೆತದ್ದು ಏನಾದರೂ ಇದೆಯೇ ಅಂತ ನನಗೆ ಗೊತ್ತಾಗಬೇಕು.

ಇನ್ನು ಮುಂದೆ ಬಂದರೆ ಚೀಲ ಬಾಗಿಲಲ್ಲೇ ಇಟ್ಟು ಒಳಗೆ ಬಾ.

ನಿನ್ನ ಅಕ್ಕ